ಎಲ್ಲಿಗೆ ಬಂದ್ರಿ ಚಾಚಾ?

ಇವತ್ತು ಬೆಳಿಗ್ಗೆ ಚಳ್ಳಕೆರೆಯ ಸ್ಟ್ಯಾಂಡಿನಲ್ಲಿ ಮೊಳಕಾಲ್ಮೂರಿಗೆ ಹೋಗುವ ಟ್ರ್ಯಾಕ್ಸ್‌ಗೆ ಕಾಯುತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸು ಸೆರಗಿನ ಗಂಟು ಬಿಚ್ಚಿ ಸೋಂಪು ಬಾಯಿಗೆ ಹಾಕಿಕೊಂಡಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮುಖ ಆಚೆ ತಿರುಗಿಸಿದೆ. ತೂಕಡಿಕೆ ಬರದಿರಲೆಂದು ನಮ್ಮ ಡ್ರೈವರ್ ಚಾಚಾ ದಾರಿಯುದ್ದಕ್ಕೂ ಸೋಂಪು ಅಗಿಯುತ್ತಿದ್ದರು...

ಮೊಳಕಾಲ್ಮೂರಿನ ರೇಷ್ಮೆ ಸೀರೆ ಅಂಗಡಿಯಲ್ಲಿ ನನಗೆ ಕೆಲಸ. ದಿನಾ ಅವರ ಗಾಡಿಯಲ್ಲೇ ಹೋಗುತ್ತಿದ್ದೆ, ಮುಂದಿನ ಸೀಟಿನಲ್ಲಿ. ನಮ್ಮ ಕಡೆ ಒಂದು ರೂಢಿ. ದಾರಿಯಲ್ಲಿ ಸಿಗುವ ತಳಕಿನವರು, ಬಿ.ಜಿ.ಕೆರೆಯವರು ರಸ್ತೆಬದಿ ನಿಂತು ನೇರ ಡ್ರೈವರಿಗೇ ಫೋನು ಮಾಡುತ್ತಾರೆ. ಎತ್ತದಿದ್ದರೆ ಬೇರೆ ಗಾಡಿ ಹತ್ತಿಬಿಡುತ್ತಾರೆ. ಹಾಗಾಗಿ ಚಾಚಾರ ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದರಲ್ಲಿ ಫೋನು. ನಾನು ಜೀವ ಕೈಯಲ್ಲಿ ಹಿಡಿದು ಕೂರುತ್ತಿದ್ದೆ.

ಒಂದು ದಿನ ತಳಕು ದಾಟಿದ ಮೇಲೆ ಫೋನು ಬಂತು. ಯಾರದೆಂದು ಅವರು ಫೋನು ನೋಡಿದರು, ನಾನು ರಸ್ತೆ ನೋಡಿದೆ. ಅಯ್ಯೋ ಶಿವನೇ, ರಸ್ತೆ ತುಂಬ ಕುರಿ! ಕಿರುಚಿದೆ. ಗಾಡಿ ನಿಂತಾಗ ಕುರಿ ಕಾಯುವವನ ಕೋಲು ಬಾನೆಟ್ಟಿಗೆ ತಾಗುತ್ತಿತ್ತು.

"ಕಣ್ಣು ಕಾಣಾಕಿಲ್ವೇನಲೇ ನಿಂಗೆ!" ಎಂದು ಅವನು ಬೈದ. ಚಾಚಾ ಫೋನು ಹಿಡಿದ ಕೈಯಲ್ಲೇ ಅವನಿಗೆ ಸಲಾಂ ಮಾಡಿದರು. ನಾನು ಫೋನು ಕಿತ್ತುಕೊಂಡೆ.

"ಇನ್ಮೇಲೆ ಇದು ನನ್ನ ಹತ್ರಾನೇ ಇರ್ತೈತೆ. ನೀವು ಗಾಡಿ ಓಡಿಸ್ರಿ, ಸಾಕು."

"ಆಯ್ತು ಬೇಟಿ," ಅಂದರು.

ಅಲ್ಲಿಂದ ಆ ಫೋನಿಗೆ ನಾನೇ ಯಜಮಾನಿ. "ಬಂದ್ವಿ, ನಿಂತಿರ್ರಿ!" ಎಂದು ಗದರುತ್ತಿದ್ದೆ, ಚಾಚಾ ನಗುತ್ತಿದ್ದರು. ಆದರೆ ಸಂಜೆ? ನಮ್ಮ ಅಂಗಡಿ ಮುಚ್ಚುವ ಮೊದಲೇ ಅವರು ವಾಪಸ್ ಹೊರಡುತ್ತಿದ್ದರು, ನಾನು ಆಮೇಲೆ ಬಸ್ಸಿನಲ್ಲಿ ಬರುತ್ತಿದ್ದೆ. "ಸಂಜಿ ಫೋನ್ ಬಂದ್ ಮಾಡಿ ಇಡ್ತೀನಿ ಬೇಟಿ, ಅಲ್ಲಾ ಕಸಂ" ಎನ್ನುತ್ತಿದ್ದರು. ನನಗೆ ನಂಬಿಕೆಯಿರಲಿಲ್ಲ. ಊರು ಮುಟ್ಟಿದರೋ ಇಲ್ಲವೋ ಎಂದು ಸೀರೆ ಮಡಚುವಾಗೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು. ಕೇಳೋಣವೆಂದರೆ ಫೋನು ಮಾಡಬೇಕು. ಮಾಡಿದರೆ ಎಲ್ಲಿ ಎತ್ತಿಬಿಡುತ್ತಾರೋ... ಎಂಥ ಪೀಕಲಾಟ!

ಹೆದರಿದ್ದೇ ಆಯಿತು. ಒಂದು ಸಂಜೆ ಮೊಳಕಾಲ್ಮೂರು ಬಿಟ್ಟು ಸ್ವಲ್ಪದರಲ್ಲೇ, ಹಾನಗಲ್ ಹತ್ತಿರ ನಿಂತಿದ್ದ ಲಾರಿಗೆ ಗಾಡಿ ಗುದ್ದಿತು. ಹಿಂದೆ ಕೂತವರಿಗೆ ಕೈಕಾಲು ಮುರಿದವು. ಚಾಚಾ ಉಳಿಯಲಿಲ್ಲ.

ಸುದ್ದಿ ಕೇಳಿ ಮೊಳಕಾಲ್ಮೂರಿನ ಆಸ್ಪತ್ರೆಗೆ ಓಡಿದೆ. ತಲೆಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದ ಪ್ರಯಾಣಿಕನೊಬ್ಬ, "ಫೋನ್ ಬಂತಕ್ಕ, ಎತ್ತಿದ್ರು. 'ಬಂದೆ' ಅಂದ್ರು, ಅಷ್ಟೇ..." ಎಂದು ಅತ್ತ. ಯಾರೋ ನನ್ನನ್ನು ಮಗಳೆಂದೇ ತಿಳಿದು ಅವರ ಫೋನನ್ನು ನನ್ನ ಕೈಗಿಟ್ಟರು. ಅದು ಮತ್ತೆ ಬಡಿದುಕೊಳ್ಳುತ್ತಿತ್ತು. ಎತ್ತಿದೆ.

"ಎಲ್ಲಿಗೆ ಬಂದ್ರಿ ಚಾಚಾ? ಬಿ.ಜಿ.ಕೆರೇಲಿ ನಿಂತೀನಿ."

ಏನಂತ ಹೇಳಲಿ?

"ಬೇರೆ ಗಾಡಿ ಹತ್ರಿ ಅಣ್ಣ," ಅಂದೆ.

ಅಪ್ಪನಂಥ ಮನುಷ್ಯ. ಹೋಗಿಯೇಬಿಟ್ಟರು. ನನ್ನ ಪುಕ್ಕಲು ಮಾತ್ರ ಹೋಗಿಲ್ಲ. ಈಗಿನ ಡ್ರೈವರ್ ಯಾವನೋ ಹುಡುಗ, ಮೊದಲ ರಿಂಗಿಗೇ ಎತ್ತುತ್ತಾನೆ. ಇವತ್ತು ಗಾಡಿ ತಡವಾಗಿತ್ತು. ಪಕ್ಕದ ಹೆಂಗಸು ಫೋನು ತೆಗೆದು, "ಎಲ್ಲಿ ಬರ್ತಾ ಐತೋ, ಡ್ರೈವರ್ನ ಒಂದ್ ಮಾತು ಕೇಳ್ತೀನಿ" ಅಂದಳು.

ಅವಳ ಕೈ ಹಿಡಿದುಬಿಟ್ಟೆ. "ಬ್ಯಾಡವ್ವ... ಬರ್ತಾನೆ ಬಿಡು. ನಿನ್ನ ದಮ್ಮಯ್ಯ."

ಅವಳು ಬೆಚ್ಚಿ ನನ್ನ ಮುಖ ನೋಡಿದಳು. ಹುಚ್ಚಿಯೆಂದುಕೊಂಡಿರಬೇಕು. ಅಂದುಕೊಳ್ಳಲಿ. ಗಾಡಿ ಬಂದು ಎದುರಿಗೆ ನಿಲ್ಲುವವರೆಗೂ ನಾನು ಆ ಕೈ ಬಿಡಲಿಲ್ಲ.