ಮಾರಿದ ಮಗನ ಜಿತಿಯಾ

ಮಕ್ಕಳ ಆಯುಸ್ಸಿಗೆಂದು ಹಿಡಿಯುವ ಜಿತಿಯಾ ವ್ರತಕ್ಕೆ ಊರಿನ ತಾಯಂದಿರ ಕೊರಳಿಗೆಲ್ಲ ದಾರ ಮಾಡಿಕೊಡುವವಳು ಫುಲೇಸರಿ. ಕೋಸಿ ನದಿಯ ಒಡ್ಡಿನ ಮಗ್ಗುಲಲ್ಲೇ ಅವಳ ಮನೆ. ಜಗಲಿಯಲ್ಲಿ ಕೂತು, ಕೆಂಪು ಹಳದಿ ನೂಲನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಹೊಸೆದು ಗಂಟು ಹಾಕುತ್ತಾಳೆ. ಎಷ್ಟು ಮಕ್ಕಳೋ ಅಷ್ಟು ಗಂಟು. ಯಾರ ಮನೆಯಲ್ಲಿ ಎಷ್ಟು ಮಕ್ಕಳು ಉಳಿದವು, ಎಷ್ಟು ಹೋದವು ಎಂಬುದು ಅವಳ ಬೆರಳಿಗೇ ಗೊತ್ತು.

ಅವಳದೇ ಕೊರಳಿನ ದಾರಕ್ಕೆ ಒಂದೇ ಗಂಟು. ಮೊದಲ ಎರಡು ಗಂಡುಕೂಸುಗಳು ಬಾಣಂತಿಕೋಣೆ ದಾಟಲಿಲ್ಲ. ಮೂರನೆಯದು ಹುಟ್ಟಿದ ಗಳಿಗೆಯಲ್ಲೇ ಅತ್ತೆ ಅದನ್ನು ಊರವರೆಲ್ಲ ದಾಯಿ ಎನ್ನುವ ಸೂಲಗಿತ್ತಿ ತೇತರಿಗೆ ಒಂದು ಹಿಡಿ ನುಚ್ಚಿಗೆ ಮಾರಿಬಿಟ್ಟಳು. ಈ ಮನೆಯದಲ್ಲದ ಕೂಸನ್ನು ಈ ಮನೆಗೆ ಬಂದು ಒಯ್ಯಲು ಸಾವಿಗೆ ಯಾವ ಮುಖ? ತೇತರಿ ಅದನ್ನು ಕೊಂಡು, ಸಾಕಿಕೊಡು ಎಂದು ಮತ್ತೆ ಇವಳ ಮಡಿಲಿಗೇ ಹಾಕಿ ಹೋದಳು. ಹುಡುಗನಿಗೆ ಬೇಚನ್, ಅಂದರೆ ಮಾರಿದವನು, ಎಂದೇ ಹೆಸರಾಯಿತು. ಅವನಿಗೀಗ ಇಪ್ಪತ್ತೆರಡು. ಮಾರಾಟವನ್ನು ಎಲ್ಲರೂ ಮರೆತಿದ್ದರು.

ಮಕ್ಕಳಿಲ್ಲದ ತೇತರಿಯೂ ವರ್ಷವರ್ಷ ಒಂದು ಗಂಟಿನ ದಾರ ಒಯ್ಯುತ್ತಿದ್ದಳು. ಎಂದೋ ಸತ್ತ ಕೂಸಿಗಿರಬೇಕು, ಪಾಪ, ಎಂದುಕೊಂಡು ಫುಲೇಸರಿ ಕೇಳುತ್ತಿರಲಿಲ್ಲ. ಈ ವರ್ಷ ಮುದುಕಿಗೆ ಜ್ವರ. ಬೇಚನ್ ಕೈಯಲ್ಲೇ ದಾರ ತರಿಸಿಕೊಂಡಿದ್ದಳು.

ಪಿತೃಪಕ್ಷದ ಅಷ್ಟಮಿ ಬಂತು. ಆ ದಿನ ಊರಿನ ತಾಯಂದಿರಿಗೆ ಅನ್ನವೂ ಇಲ್ಲ, ನೀರೂ ಇಲ್ಲ. ಹುಲ್ಲುಕಡ್ಡಿಯನ್ನೂ ಹಲ್ಲಿಗೆ ತಾಗಿಸುವಂತಿಲ್ಲ. ತಪ್ಪಿದರೆ ತಟ್ಟುವುದು ತಾಯಿಗಲ್ಲ, ಮಗನಿಗೆ. ಬೆಳಕು ಹರಿಯುವಾಗ ಬೇಚನ್ ನದಿಯಾಚೆಯ ಹಳ್ಳಿಗಳಿಗೆ ಕೊನೆಯ ದಾರಗಳನ್ನು ಮುಟ್ಟಿಸಲು ದಾರದ ಪೆಟ್ಟಿಗೆ ಹೊತ್ತು ದೋಣಿ ಹತ್ತಿದ. ಹೊಳೆ ಕೆಂಪಗೆ ಏರುತ್ತಿತ್ತು. ಬೇಡವೆಂದು ಬಾಯಿಗೆ ಬಂದರೂ ಅವಳು ನುಂಗಿಕೊಂಡಳು. ಆಚೆಯ ತಾಯಂದಿರೂ ತಾಯಂದಿರೇ ತಾನೆ?

ಹೊತ್ತು ನೆತ್ತಿಗೇರಿದಾಗ ಊರಿನ ಯಜಮಾನ ಮುಖಿಯಾನ ಮನೆಯ ಸೊಸೆ ಅಳುತ್ತಾ ಓಡಿ ಬಂದಳು. ಪೂಜೆಗೆ ಕೂರುವ ಮೊದಲೇ ಅವಳ ಕೊರಳಿನ ದಾರ ಕಿತ್ತುಹೋಗಿತ್ತು. ವ್ರತದ ದಿನ ಫುಲೇಸರಿ ನೂಲಿನ ಪೆಟ್ಟಿಗೆ ತೆರೆಯುವವಳಲ್ಲ. ಆದರೆ ಆ ಹುಡುಗಿ ನಡುಗುತ್ತಿದ್ದದ್ದನ್ನು ನೋಡಲಾಗದೆ ನೂಲು ತೆಗೆದಳು. ಹೊಸೆದಳು, ತುದಿ ಸೇರಿಸಿದಳು, ಗಂಟು ಬಿಗಿದಳು. ಸೊಸೆ ಕೈಮುಗಿದು ಹೋದ ಮೇಲೆ ನಾಲಿಗೆಯ ತುದಿಯಲ್ಲಿ ಏನೋ ಚುಚ್ಚಿದಂತಾಯಿತು. ಬೆರಳಿನಿಂದ ತೆಗೆದು ನೋಡಿದಳು. ಕೆಂಪು ನೂಲಿನ ಎಳೆ.

ನೂಲಿನ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿದ್ದಳು. ಗಂಟಿನ ಬಾಲವನ್ನು ಹಲ್ಲಿನಲ್ಲಿ ಕಚ್ಚಿ ಹರಿದಿದ್ದಳು. ಮೂವತ್ತು ವರ್ಷ ದಿನಕ್ಕೆ ನೂರು ಸಲ ಮಾಡಿದ ಕೆಲಸ. ಪಳಗಿದ ಕೈ ತಲೆಯನ್ನು ಕೇಳಿ ಮಾಡುತ್ತದೆಯೇ? ಉಗುಳು ಒಳಗೆ ಹೋಗಿತ್ತು. ಯಾರೂ ನೋಡಿರಲಿಲ್ಲ. ಯಾರೂ ನೋಡಿಲ್ಲವೆಂಬುದೇ ಅವಳಿಗೆ ಇನ್ನಷ್ಟು ಭಯ ಹುಟ್ಟಿಸಿತು.

ಮಧ್ಯಾಹ್ನ ಹೆಂಗಸರೆಲ್ಲ ಮಣ್ಣು ಸಗಣಿಯಲ್ಲಿ ಹದ್ದು, ನರಿ ಮಾಡಿಟ್ಟು ಕಥೆಗೆ ಕೂತರು. ಗೆಳತಿಯರಾದ ಹದ್ದೂ ನರಿಯೂ ಒಟ್ಟಿಗೆ ಈ ವ್ರತ ಹಿಡಿದವಂತೆ. ಹದ್ದು ಗಟ್ಟಿಯಾಗಿ ಉಪವಾಸ ಇತ್ತು. ನರಿ ಕದ್ದು ಮೂಳೆ ಕಡಿಯಿತು. ಕಟಕಟ ಏನದು ಎಂದು ಹದ್ದು ಕೇಳಿದರೆ, ಹಸಿವಿಗೆ ಹಲ್ಲು ಕಡಿಯುತ್ತಿದ್ದೇನೆ ಎಂದಿತು. ಮುಂದಿನ ಜನ್ಮದಲ್ಲಿ ಹದ್ದಿನ ಮಕ್ಕಳು ಬಾಳಿದವು, ನರಿಯ ಮಕ್ಕಳು ಒಂದೊಂದಾಗಿ ಸತ್ತವು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಕಥೆ ಹೇಳುವ ಮುದುಕಿ ತನ್ನನ್ನೇ ನೋಡುತ್ತಿದ್ದಾಳೆ ಎಂದು ಫುಲೇಸರಿಗೆ ಅನ್ನಿಸಿತು. ಕಥೆ ಮುಗಿಯುವುದರೊಳಗೆ ಒಡ್ಡಿನ ಕಡೆಯಿಂದ ಸುದ್ದಿ ಬಂತು. ಮೇಲಿನ ದೋಣಿಗಟ್ಟೆಯ ಹತ್ತಿರ ದೋಣಿಯೊಂದು ಮಗುಚಿದೆಯಂತೆ. ಯಾರ ದೋಣಿ ಎಂದು ಯಾರಿಗೂ ಗೊತ್ತಿಲ್ಲ.

ಒಡ್ಡಿನತ್ತ ಓಡಬೇಕಾದವಳು ಊರಾಚೆಯ ಬಿದಿರುಮೆಳೆಯ ಮಗ್ಗುಲಿನ ತೇತರಿಯ ಗುಡಿಸಲಿನತ್ತ ಓಡಿದಳು. ಭಯಕ್ಕೆ ಅದರದೇ ಬುದ್ಧಿ. ಮಾರಾಟ ಇನ್ನೂ ನಿಂತಿದ್ದರೆ ಬೇಚನ್ ತನ್ನ ಮಗನೇ ಅಲ್ಲ. ತನ್ನ ತಪ್ಪು ಅವನಿಗೆ ತಟ್ಟಲಾರದು. ಅದನ್ನು ತೇತರಿಯ ಬಾಯಿಂದಲೇ ಕೇಳಬೇಕಿತ್ತು.

ತೇತರಿ ಚಾಪೆಯ ಮೇಲೆ ಬಿದ್ದಿದ್ದಳು. ತುಟಿ ಒಡೆದಿತ್ತು, ಕಣ್ಣು ಗುಳಿ ಬಿದ್ದಿತ್ತು. ಪಕ್ಕದಲ್ಲಿ ನೀರಿನ ಮಡಕೆ ತುಂಬಿದ್ದು ತುಂಬಿದ ಹಾಗೇ ಇತ್ತು. ಫುಲೇಸರಿ ನೂಲು ಕಚ್ಚಿದ್ದನ್ನೂ ದೋಣಿಯ ಸುದ್ದಿಯನ್ನೂ ಒಂದೇ ಉಸಿರಿಗೆ ಹೇಳಿ, ಆ ಮಾರಾಟ ಇನ್ನೂ ಇದೆಯೇ ಎಂದು ಕೇಳಿದಳು.

"ಕೊಂಡಿದ್ದು ಕೊಂಡ ಹಾಗೇ ಕಣೆ" ಎಂದಳು ತೇತರಿ, ಒಂದೊಂದೇ ಮಾತು ಎಳೆದು. "ಇಪ್ಪತ್ತೆರಡು ವರ್ಷ ಈ ದಿನ ಒಂದು ಹನಿ ಮುಟ್ಟಿಲ್ಲ ನಾನು. ಆ ದಾರ ಮತ್ಯಾರಿಗೆ ಅಂದ್ಕೊಂಡೆ?"

ಫುಲೇಸರಿಗೆ ಮೊದಲು ಆದದ್ದು ಸಂತೋಷ. ಬೇರೆ ಏನೂ ಅಲ್ಲ, ಬರೀ ಸಂತೋಷ. ಆಮೇಲೆ ಮುದುಕಿಯ ಹಣೆ ಮುಟ್ಟಿದಳು. ಕಾದ ಹೆಂಚು. ನಾಳೆ ಬೆಳಗಿನ ಪಾರಣೆಯವರೆಗೆ ನೀರಿಲ್ಲದೆ ಈ ಜೀವ ಉಳಿಯುವುದಿಲ್ಲ ಎಂದು ಯಾರಾದರೂ ಹೇಳಬಹುದಿತ್ತು. ಕೈ ಮಡಕೆಯತ್ತ ಹೋಯಿತು, ನಡುವೆಯೇ ನಿಂತಿತು. ಈ ಬಾಯಿ ಒಣಗಿರುವಷ್ಟು ಹೊತ್ತು ಹುಡುಗ ನೀರಿನ ಮೇಲೆ ಕ್ಷೇಮ. ಕೈಯನ್ನು ಹಿಂದಕ್ಕೆ ಎಳೆದುಕೊಂಡು ಸುಮ್ಮನೆ ಕೂತಳು. ಬಹಳ ಹೊತ್ತೇ ಕೂತಳು. ಬೈಯುವವರು ಬೈಯಲಿ, ಇದನ್ನು ಹೇಳುತ್ತಿರುವ ನನಗಂತೂ ಬಾಯಿ ಬರುವುದಿಲ್ಲ. ಎರಡು ಕೂಸನ್ನು ಮಣ್ಣಿಗಿಟ್ಟವಳು ಅವಳು.

ತೇತರಿಯ ಉಸಿರು ಗೊರಗೊರ ಅನ್ನತೊಡಗಿತು. ಒಡೆದ ತುಟಿಯ ಮೇಲೆ ಒಂದು ನೊಣ ಕೂತಿತು. ಓಡಿಸಲು ಮುದುಕಿಯ ಕೈ ಏಳಲಿಲ್ಲ. ಹೆರಿಗೆಯ ದಿನ ತನ್ನ ಬೆವರು ಒರೆಸಿದ ಕೈ ಅದು.

"ದಾಯಿ, ನೀರು ಕುಡಿ" ಎಂದಳು ಫುಲೇಸರಿ.

"ಹುಡುಗ ಹೊಳೆ ಮೇಲಿದಾನೆ."

"ಇಲ್ಲ, ಬಂದ. ಆಗಲೇ ಬಂದ. ಮನೇಲಿ ಒದ್ದೆ ಬಟ್ಟೆ ಹಿಂಡ್ತಾ ನಿಂತಿದಾನೆ."

ತೇತರಿ ಗುಳಿಬಿದ್ದ ಕಣ್ಣನ್ನು ಅವಳ ಮೇಲೆ ನೆಟ್ಟಳು. "ಅವನ ಮೇಲೆ ಆಣೆ ಇಟ್ಟು ಹೇಳು."

ಮಗನ ತಲೆ ಮೇಲೆ ಸುಳ್ಳು ಆಣೆ ಇಟ್ಟ ತಾಯಿಯ ಗತಿ ಏನೆಂದು ಯಾವ ಕಥೆಯಲ್ಲೂ ಬೇರೆ ಹೇಳಬೇಕಾಗಿಲ್ಲ.

"ಬೇಚನ್ ಆಣೆಗೂ" ಎಂದಳು.

ಮುದುಕಿ ಬಾಯಿ ತೆರೆದಳು. ಫುಲೇಸರಿ ಬೊಗಸೆಯಲ್ಲಿ ಹನಿಹನಿಯಾಗಿ ನೀರು ಬಿಟ್ಟಳು. ನೆರೆಮನೆಯವಳನ್ನು ಕರೆದು ಕೂರಿಸಿ, ಎದ್ದು ಒಡ್ಡಿನ ಕಡೆ ನಡೆದಳು. ಈಗ ಬೇಚನ್‌ಗಾಗಿ ಈ ಲೋಕದಲ್ಲಿ ಉಪವಾಸ ಇದ್ದವರು ಒಬ್ಬರೂ ಇರಲಿಲ್ಲ.

ಹೊತ್ತು ಮುಳುಗುತ್ತಿತ್ತು. ಮಗುಚಿದ್ದು ಹುಲ್ಲು ಹೇರಿದ ದೋಣಿ, ಜನ ಈಜಿ ದಡ ಸೇರಿದರು ಎಂದು ಒಬ್ಬ. ಇಲ್ಲ, ಜನರ ದೋಣಿಯೇ ಎಂದು ಇನ್ನೊಬ್ಬ. ಅವಳು ಯಾರ ಮಾತನ್ನೂ ಕೇಳಿಸಿಕೊಳ್ಳದೆ ನೀರನ್ನೇ ನೋಡುತ್ತಾ ನಿಂತಳು. ಕೊನೆಗೆ ಆಚೆ ದಡದಿಂದ ಒಂದು ದೋಣಿ ಬಿಟ್ಟಿತು. ಸೆಳೆತಕ್ಕೆ ಸಿಕ್ಕಿ ಕೆಳಕ್ಕೆ ಜಾರಿತು, ತಿರುಗಿತು, ಮತ್ತೆ ಮೇಲಕ್ಕೆ ಬಂತು. ಅವಳು ತಲೆಗಳನ್ನು ಎಣಿಸಿದಳು, ತಪ್ಪಿತು, ಮತ್ತೆ ಎಣಿಸಿದಳು. ಒಂದು ತಲೆಯ ಮೇಲೆ ದಾರದ ಪೆಟ್ಟಿಗೆ ಇತ್ತು.

ಸೊಂಟದವರೆಗಿನ ನೀರಿಗೆ ಇಳಿದು ಬೇಚನ್ ದಡಕ್ಕೆ ಬಂದ. ಹೊಳೆ ಇಳಿಯಲಿ ಎಂದು ದೋಣಿಯವನು ಮಧ್ಯಾಹ್ನದಿಂದ ಆಚೆ ದಡದಲ್ಲೇ ಕೂರಿಸಿದ್ದನಂತೆ. ಅವ್ವನ ಮುಖ ನೋಡಿ ನಗು ಅವನ ಬಾಯಲ್ಲೇ ನಿಂತಿತು. ಅವಳು ಅವನನ್ನು ತಬ್ಬಲಿಲ್ಲ. ಕೊರಳಿನ ದಾರ ಬಿಚ್ಚಿ ಅವನ ಕೈಗಿಟ್ಟಳು.

"ಇದನ್ನ ತೇತರಿ ಕೊರಳಿಗೆ ಕಟ್ಟು. ಆವಾಗಲೇ ಬಂದೆ ಅಂತ ಹೇಳು."

"ಈಗ ತಾನೆ ಬಂದೆನಲ್ಲವ್ವಾ. ಯಾಕೆ ಸುಳ್ಳು?"

"ನಿನ್ನ ತಾಯಿ ಕಾಯ್ತಿದಾಳೆ, ಹೋಗು."

ಅವನು ನಾಲ್ಕು ಹೆಜ್ಜೆ ಹೋಗಿದ್ದ. ಅವಳು ಮತ್ತೆ ಕರೆದು ನಿಲ್ಲಿಸಿದಳು.

"ಮೊದಲು ಆ ಬಟ್ಟೆ ಹಿಂಡ್ಕೋ" ಎಂದಳು.