ಸೀರಿಯಸ್ಸು

ಪಿರಿಯಾಪಟ್ಟಣ, ಹುಣಸೂರು ಕಡೆಯ ಹಳ್ಳಿಗಳಿಗೆ ಟೆಲಿಫೋನ್ ತಂತಿ ಎಳೆದ ಲೈನ್‌ಮನ್‌ಗಳಲ್ಲಿ ನಾನೂ ಒಬ್ಬ. ತೊಂಬತ್ತರ ದಶಕದಲ್ಲಿ ಹೊಸ ಎಕ್ಸ್‌ಚೇಂಜ್ ಬಂದಾಗ ಉದ್ಘಾಟನೆಗೆ ಬಂದವರೆಲ್ಲ ಮೈಕು ಹಿಡಿದು ಒಂದೇ ರಾಗ ಹಾಡಿದರು: ಇನ್ನು ಮೇಲೆ ಯಾರಿಗೂ ಯಾರೂ ದೂರವಲ್ಲ. ಮುಂದೆ ಮೊಬೈಲ್ ಟವರುಗಳು ಎದ್ದಾಗಲೂ ಅದೇ ಭಾಷಣ, ಹಾರ ಮಾತ್ರ ಬೇರೆ. ಮೊದಲನೇ ಸಲ ನಾನೂ ಚಪ್ಪಾಳೆ ತಟ್ಟಿದ್ದೆ. ಎರಡನೇ ಸಲ ಅರ್ಧಕ್ಕೇ ಎದ್ದು ಬಂದೆ.

ಅಪ್ಪ ಈ ಮಾತನ್ನು ಮೊದಲಿನಿಂದಲೂ ನಂಬಿರಲಿಲ್ಲ. ಬೆಟ್ಟದಪುರದ ಹತ್ತಿರದ ನಮ್ಮೂರಲ್ಲಿ ಯಾರಾದರೂ ತೀರಿಕೊಂಡರೆ ನೆಂಟರಿಗೆ ಸುದ್ದಿ ಮುಟ್ಟಿಸಲು ಅವನೇ ಹೊರಡುತ್ತಿದ್ದ. ಹೋದ ಮನೆಯೊಳಗೆ ಕಾಲಿಡುತ್ತಿರಲಿಲ್ಲ, ನೀರು ಮುಟ್ಟುತ್ತಿರಲಿಲ್ಲ. ಸತ್ತರು ಎಂದು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಟೆಲಿಗ್ರಾಂ ಕಾಲದಿಂದ ಬಂದ ಒಂದು ಮಾತಿತ್ತು, ‘ಸೀರಿಯಸ್ಸು’. ಅಷ್ಟು ಅಂದರೆ ಮುಗಿಯಿತು ಅಂತಲೇ ಅರ್ಥ, ಕೇಳಿದವರು ಮುಂದೇನೂ ಕೇಳುತ್ತಿರಲಿಲ್ಲ. ಅಪ್ಪ ಅಷ್ಟಕ್ಕೇ ವಾಪಸ್ಸು ಬರುತ್ತಿರಲಿಲ್ಲ. ಅವರು ಮನೆಗೆ ಬೀಗ ಹಾಕಿ ಹೊರಡುವವರೆಗೆ ಬೀದಿಯಲ್ಲಿ ಕಾದು, ಜೊತೆಗೇ ಬಸ್ಸು ಹತ್ತಿಸಿಕೊಂಡು ಬರುತ್ತಿದ್ದ. ಮಿಕ್ಕಿದ್ದನ್ನೆಲ್ಲ ದಾರಿಯಲ್ಲಿ ಹೇಳುತ್ತಿದ್ದ.

“ಸುದ್ದಿ ಒಂದನ್ನೇ ಕಳಿಸ್ಬಾರ್ದು ಕಣ್ಲಾ, ಜೊತೇಲಿ ಆಳು ಓಗ್ಬೇಕು,” ಎನ್ನುತ್ತಿದ್ದ. ಹಳೇ ಕಾಲದವನು ಬಿಡು ಎಂದು ನಾನು ನಗುತ್ತಿದ್ದೆ.

ಫೋನು ಬಂದ ಮೇಲೆ ಸಾವಿನ ಮನೆಗೆ ಬರುವವರು ಕಡಿಮೆಯಾದರು. “ಫೋನಲ್ಲೇ ಮಾತಾಡಿಸ್ದೆ ಬುಡು,” ಎಂದು ಕೈ ತೊಳೆದುಕೊಳ್ಳುವವರು ಹೆಚ್ಚಾದರು. ಹನಗೋಡಿನ ಕಡೆ ಒಮ್ಮೆ ಕಂಬದ ಮೇಲಿದ್ದ ನನ್ನನ್ನೇ ಕೆಳಗೆ ಕರೆದು ಹೆಣಕ್ಕೆ ಹೆಗಲು ಕೊಡಿಸಿದರು, ಜನ ಸಾಲದೆ. ಸತ್ತವರು ಯಾರೆಂದೂ ನನಗೆ ಗೊತ್ತಿರಲಿಲ್ಲ. ಇನ್ನೊಂದು ತಮಾಷೆ ನೋಡಿ. ಫೋನು ಕೆಟ್ಟರೆ ಅದೇ ಜನ ಯಾವ ಅಂಜಿಕೆಯೂ ಇಲ್ಲದೆ “ನಮ್ಮ ಫೋನು ಡೆಡ್ಡು” ಎಂದು ಕೂಗುತ್ತಿದ್ದರು. ಮನುಷ್ಯ ಸತ್ತರೆ ಮಾತ್ರ ಸೀರಿಯಸ್ಸು. ಇದೆಂಥ ಕೆಲಸ ಮಾಡುತ್ತಿದ್ದೇನೆ ಎಂಬ ಅನುಮಾನ ನನಗೆ ಆಗಲೇ ಹತ್ತಿತ್ತು. ಆದರೂ ಕಂಬ ಹತ್ತುವುದನ್ನು ಬಿಡಲಿಲ್ಲ, ಹೊಟ್ಟೆಪಾಡು.

ಮೊಬೈಲ್ ಇನ್ನೂ ಬಂದಿರದ ಆ ಕಾಲದಲ್ಲೇ ಒಂದು ರಾತ್ರಿ ಅಪ್ಪನಿಗೆ ಎದೆನೋವು ಬಂತು. ನಸುಕಿನಲ್ಲೇ ಮನೆಗೆ ಬೀಗ ಹಾಕಿ ಅವನನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದೆ. ಕಣ್ಣು ಬಿಟ್ಟವನೇ ಅಕ್ಕನನ್ನು ಕೇಳಿದ. ಅಕ್ಕನನ್ನು ಎಚ್.ಡಿ. ಕೋಟೆ ಕಡೆಯ ಹಳ್ಳಿಗೆ ಕೊಟ್ಟಿತ್ತು. “ಸೀರಿಯಸ್ ಇದೆ, ಬರೋರಿದ್ರೆ ಕರೆಸಿ,” ಎಂದರು ಡಾಕ್ಟರು. ಎದುರಿನ ಬೂತಿನಿಂದ ಅವಳ ಮನೆ ಪಕ್ಕದ ಅಂಗಡಿಗೆ ಫೋನ್ ಮಾಡಿದೆ. ಅಂಗಡಿಯವರು ಅವಳನ್ನು ಕರೆತಂದರು.

“ಅಕ್ಕಾ, ಮೈಸೂರು ಆಸ್ಪತ್ರೇಲಿದ್ದೀವಿ, ಅಪ್ಪಂಗೆ ಸೀರಿಯಸ್ಸು,” ಎಂದೆ.

ನಾನು ಹೇಳಿದ್ದು ಡಾಕ್ಟರ ಮಾತು. ಅವಳಿಗೆ ಕೇಳಿಸಿದ್ದು ನಮ್ಮೂರಿನ ಮಾತು. ಚೀರಿ ರಿಸೀವರ್ ಕೈಬಿಟ್ಟಳು. ಮತ್ತೆ ಮಾಡಿದರೆ ಅಂಗಡಿಯವರು, “ಅವ್ರಾಗ್ಲೇ ಬಸ್ಸಿಗೆ ಓದ್ರು ಕಣಪ್ಪ,” ಎಂದರು. ಸದ್ಯ ಹೊರಟಳಲ್ಲ ಎಂದು ನೆಮ್ಮದಿಯಾಯಿತು.

ಕೋಟೆಯಿಂದ ಮೈಸೂರಿನ ಬಸ್ಸು ಒಂದು ದಿಕ್ಕು, ಹುಣಸೂರಿನ ಬಸ್ಸು ಇನ್ನೊಂದು ದಿಕ್ಕು. ಸತ್ತವರ ಮುಖ ನೋಡಲು ಯಾರಾದರೂ ಆಸ್ಪತ್ರೆಗೆ ಹೋಗುತ್ತಾರೆಯೇ? ಅಕ್ಕ ಹುಣಸೂರಿನ ಬಸ್ಸು ಹತ್ತಿ ನಮ್ಮೂರಿಗೆ ಹೋದಳು. ಅವಳ ಅಳು ಕೇಳಿ ನೆರೆಯವರೂ ಅಪ್ಪ ಹೋದನೆಂದೇ ತಿಳಿದರು. ಹೆಣ ಮನೆಗೇ ತಾನೇ ಬರೋದು ಎಂದು ಅವಳನ್ನು ಜಗಲಿಯ ಮೇಲೆ ಕೂರಿಸಿದರು. ಯಾರೋ ಚಟ್ಟಕ್ಕೆ ಬಿದಿರನ್ನೂ ಕಡಿದು ತಂದರಂತೆ. ಇತ್ತ ಅಪ್ಪ ಬಾಗಿಲು ಸದ್ದಾದಾಗಲೆಲ್ಲ “ಬಂದ್ಲೇನ್ಲಾ?” ಎನ್ನುತ್ತಿದ್ದ.

ಮಧ್ಯಾಹ್ನ ಕಳೆದರೂ ಅವಳು ಬರದಿದ್ದಾಗ, ಊರಿಗೇ ಹೋಗಿರಬೇಕೆಂದು ನನಗೆ ಹೊಳೆಯಿತು. ಬೂತಿಗೆ ಓಡಿ ನಮ್ಮ ಮನೆಗೇ ಫೋನ್ ಮಾಡಿದೆ. ಊರಿಗೆ ಇದ್ದದ್ದು ಅದೊಂದೇ ಫೋನು, ಹಾಕಿದವನು ನಾನೇ. ರಿಂಗ್ ಆಗುತ್ತಲೇ ಇತ್ತು. ಬೀಗದ ಕೈ ನನ್ನ ಜೇಬಿನಲ್ಲಿತ್ತು.

ಇಳಿಹೊತ್ತಿಗೆ ಅಪ್ಪ ಹೋದ.

ಅಕ್ಕ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ತಿಥಿ ಮುಗಿಸಿ ಊರಿಗೆ ಹೊರಟಾಗ, ಮೂಲೆಯಲ್ಲಿದ್ದ ಆ ಫೋನನ್ನು ನೋಡಿ ಹೇಳಿದಳು: “ಮಣ್ಣು ಮಾಡೋದು ಎಷ್ಟೊತ್ಗೆ ಅಂತ ಯಾರೋ ಕೇಳ್ತಾವ್ರೆ ಅಂದ್ಕಂಡೆ ಕಣ್ಲಾ. ಒಳಗೆ ಅದು ಬಡ್ಕತಿತ್ತು, ಒರಗೆ ನಾನು ಬಡ್ಕತಿದ್ದೆ. ಅಪ್ಪ ಇನ್ನೂ ಬದ್ಕಿದ್ದ.”