ಮಗ್ಗದ ಮೇಲೆ ಜಿಮ್

ಇಳಕಲ್ಲಿನಲ್ಲಿ ಜಿಮ್ ಹಾಕಲು ನನಗೆ ಸಿಕ್ಕಿದ್ದು ಒಂದೇ ಜಾಗ, ನೇಕಾರರೊಬ್ಬರ ಮನೆಯ ಮೇಲಂತಸ್ತು. ಭಾರದ ಸಾಮಾನು ಅಂದ ಕೂಡಲೇ ಬೇರೆ ಯಾರೂ ಮನೆ ಕೊಟ್ಟಿರಲಿಲ್ಲ. ಗ್ರಾನೈಟ್ ಕೆಲಸ ಬಿಟ್ಟಿದ್ದೆ. ಬಾಗಲಕೋಟೆಯಿಂದ ಸಾಮಾನು ತಂದು, ಗೋಡೆಗೆ ಕನ್ನಡಿ ಹೊಡೆಸಿ, ಮ್ಯಾಟ್ ಹಾಸಿದ್ದೆ. ಉದ್ಘಾಟನೆಗೆ ಮೂರೇ ದಿನ.

ಅವತ್ತು ಬೆಳಿಗ್ಗೆ ನನ್ನ ಗೆಳೆಯ, ಕುಸ್ತಿ ಆಡುವವನು, ಪ್ಲೇಟು ಹಾಕಿದ ಕಬ್ಬಿಣದ ಬಾರ್ ಎತ್ತಿ ಧಪ್ ಎಂದು ಕೈಬಿಟ್ಟ. ಕೆಳಗಿನಿಂದ ಮನೆಯಾಕೆ ಹತ್ತಿ ಬಂದರು. ಕೈಯಲ್ಲಿ ಹರಿದ ರೇಷ್ಮೆ ಎಳೆ.

"ಏನ್ ಎತ್ತಿ ಒಗದ್ರೋ? ಸೆರಗಿನ ಎಳಿಗೆ ಕೊಂಡಿ ಹಾಕಾಕತ್ತಿದ್ವಿ. ಕೈ ಜಗ್ಗಿ ಹರದ್ವು!"

"ತಪ್ಪಾತ್ರಿ ಅಕ್ಕಾರ."

"ನಿನ್ನ ತಪ್ಪ ಇಟ್ಕೊಂಡು ನಾ ಏನ್ ಮಾಡ್ಲಿ? ಮನಿ ಖಾಲಿ ಮಾಡು."

ನಾನು ಇದೇ ಊರವನು. ನಮ್ಮ ಸೀರೆಯ ಸೆರಗು ಬೇರೆ, ಒಡಲು ಬೇರೆ. ಮಗ್ಗದ ಮೇಲೆ ಎರಡರ ಎಳೆಗಳನ್ನೂ ಒಂದೊಂದಾಗಿ ಸಿಕ್ಕಿಸಿ ಜೋಡಿಸುತ್ತಾರೆ. ಅದೇ ಕೊಂಡಿ. ಇದೆಲ್ಲ ಗೊತ್ತಿದ್ದೂ, ಕನ್ನಡಿಯಲ್ಲಿ ಚೆಂದ ಕಾಣಲಿ ಎಂದು ಬಾರನ್ನು ನಟ್ಟನಡುವೆ ಇಟ್ಟಿದ್ದೆ. ಅದರ ನೇರ ಕೆಳಗೆ ಮಗ್ಗ.

ಕೆಳಗಿಳಿದು ಕೈಮುಗಿದೆ. ಆಕೆಯ ಗಂಡ ಮಗ್ಗದಿಂದ ತಲೆ ಎತ್ತದೆಯೇ ಹೇಳಿದರು.

"ಇನ್ನ ಅರ್ಧ ಕೊಂಡಿ ಉಳದೈತಿ. ನಾವು ಹಾಕ್ತೀವಿ, ನೀ ಮ್ಯಾಲೆ ಎತ್ತು. ಒಂದ್ ಎಳಿ ಅಲ್ಲಾಡಿದ್ರ ಸಂಜಿಕ ಖಾಲಿ."

ಬಾರನ್ನು ಗೋಡೆಯ ಮೂಲೆಗೆ ಸರಿಸಿ, ಮ್ಯಾಟ್ ಎರಡು ಪದರ ಮಾಡಿದೆವು.

"ಲೇ, ನಾ ಎತ್ಲೇನು?" ಗೆಳೆಯ ಕೇಳಿದ.

"ನೀ ದೂರ ನಿಂದ್ರು. ಉಸುರೂ ಬಿಡಬ್ಯಾಡ."

ಗೆಳೆಯ ಎತ್ತಿದ್ದಷ್ಟೇ ಭಾರ ನಾನೂ ಎತ್ತಿದೆ. ಅದು ಸುಲಭ. ಇಳಿಸುವಾಗ ಸೊಂಟ ಉರಿಯಿತು, ಬೆವರು ಕಣ್ಣಿಗಿಳಿಯಿತು. ಮೊಣಕಾಲಿನ ಹತ್ತಿರ ಬಾರ್ ಒಂದು ಕಡೆ ವಾಲಿತು. ಗೆಳೆಯ ಮುಂದೆ ಬಂದ. ತಲೆಯಾಡಿಸಿ ಬೇಡ ಅಂದೆ. ಪ್ಲೇಟು ಮ್ಯಾಟಿಗೆ ತಾಗಿತು. ಕೈ ಬಿಡಲು ಧೈರ್ಯವಾಗದೆ ಹಾಗೇ ಬಗ್ಗಿ ನಿಂತಿದ್ದೆ. ಕೆಳಗೆ ಸಪ್ಪಳವೇ ಇಲ್ಲ.

ಕಡೆಗೆ ಮೆಟ್ಟಿಲಿನಿಂದ ಆಕೆಯ ದನಿ ಬಂತು. "ಯಾಕೋ, ಇನ್ನಾ ಎತ್ತಿಲ್ಲೇನು? ಎಷ್ಟೊತ್ತು ಕಾಯೂನು?"

"ಎತ್ತಿ ಇಳಿಸೇನ್ರಿ ಅಕ್ಕಾರ."

"ಖರೇನೋ? ಹಂಗಾರ ಆ ಪೈಲ್ವಾನನ ಕಡೆ ಎತ್ಸು ಈಗ."

ಗೆಳೆಯ ಅಂಗೈ ಚಡ್ಡಿಗೆ ಒರೆಸಿಕೊಂಡ. ಎತ್ತಿದ. ಇಳಿಸುವಾಗ ನನಗೆ ನೋಡಲಾಗಲಿಲ್ಲ, ಗೋಡೆಗೆ ಮುಖ ಮಾಡಿದೆ. ಬೈಗುಳ ಬರುತ್ತದೆ ಎಂದು ಕಾದೆ. ಬರಲಿಲ್ಲ.

ಆಕೆಯ ಗಂಡನೇ ಮೇಲೆ ಬಂದರು. ಬಾರನ್ನು ನೋಡಿದರು, ಮ್ಯಾಟನ್ನು ಕಾಲಿನಿಂದ ಒತ್ತಿದರು.

"ಉದ್ಘಾಟನಿ ಎಷ್ಟು ಗಂಟೆಕ್ಕ ಇಟ್ಟೀಯಪಾ?" ಎಂದರು.